ಗುಳ್ಳೆಗಳ ವೈರಿ ಗಂಜಕ್ಕ

ಬೆಳಗಿನ ಜಾವ ಐದೂಕಾಲು. ಆಸ್ಪತ್ರೆಯ ನೆಲಮಹಡಿಯ ಕಾರಿಡಾರಿಗೆ ಇನ್ನೂ ಕಸ ಗುಡಿಸುವವರೂ ಬಂದಿಲ್ಲ. ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಮೇಜಿನ ಮೇಲೆ ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ ತೊಟ್ಟಿಯೊಂದು ಮಲಗಿದೆ. ಮಲಗಿದೆ ಎನ್ನದೆ ವಿಧಿಯಿಲ್ಲ; ಅದಕ್ಕೆ ತಲೆ ಇದೆ, ಭುಜ ಇದೆ, ಎದೆ, ಹೊಟ್ಟೆ, ಸೊಂಟ ಎಲ್ಲ ಇದೆ. ಕೈಕಾಲು ಮಾತ್ರ ಇಲ್ಲ. ಅದರ ತುಂಬ ಅರ್ಧ ಗೇಣು ಆಳಕ್ಕೂ ಕೊಂಚ ಕಡಿಮೆ, ಗಂಜಿಯಂಥ ಮಂದವಾದ ಲೋಳೆ. ಐವತ್ತು ದಾಟಿದ ಹೆಂಗಸೊಬ್ಬರು ತೊಟ್ಟಿಗೆ ಕೆನ್ನೆ ತಾಗುವಷ್ಟು ಬಗ್ಗಿ, ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಿದ್ದಾರೆ.

"ಹಾಂ, ಅಲ್ಲಿ ಅಡಗಿ ಕೂತಿದೀಯಾ? ಬಾ ಮಗನೇ, ಹೊರಗೆ ಬಾ."

ಎಡ ಭುಜದ ಮೂಲೆಯಲ್ಲಿ ಗಸಗಸೆ ಕಾಳಿನಷ್ಟು ಗಾಳಿಗುಳ್ಳೆಯೊಂದಿದೆ. ಸೂಜಿ ಇಲ್ಲದ ಸಿರಿಂಜನ್ನು ಲೋಳೆಯೊಳಕ್ಕೆ ನಿಧಾನವಾಗಿ ಇಳಿಸುತ್ತಾರೆ. ಉಸಿರು ಬಿಗಿ ಹಿಡಿಯುತ್ತಾರೆ. ಹೆಬ್ಬೆರಳು ಒಂದಿಷ್ಟೇ ಹಿಂದೆ ಸರಿಯುತ್ತದೆ, ಗುಳ್ಳೆ ಸಿರಿಂಜಿನೊಳಗೆ. ಎದ್ದು ನಿಂತು ಸೊಂಟ ನೇರ ಮಾಡಿಕೊಂಡು, "ಇವತ್ತಿಗೆ ಹನ್ನೊಂದು ಸಿಕ್ಕಿವೆ. ನಿನ್ನೆ ನಾಲ್ಕೇ ಇದ್ದವು. ಹವಾ ಸರಿ ಇಲ್ಲ" ಎಂದು ಹಣೆ ಒರೆಸಿಕೊಳ್ಳುತ್ತಾರೆ.

ಇಡೀ ಆಸ್ಪತ್ರೆ ಅವರನ್ನು ಕರೆಯುವುದು ಗಂಜಕ್ಕ ಎಂದು. ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವರು ಗೊತ್ತು. ಆದರೆ ಅವರು ಮಾಡುವ ಕೆಲಸ ಏನೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ.

ಕೆಲಸ ಇಷ್ಟು. ಈಗಿನ ಕಾಲದಲ್ಲಿ ಎಷ್ಟೋ ಜನರ ಮೈಯೊಳಗೆ ಲೋಹ ಇದೆ. ಎದೆಯಲ್ಲಿ ಪೇಸ್‌ಮೇಕರ್, ತೊಡೆಯಲ್ಲಿ ರಾಡು, ಕಿವಿಯೊಳಗೆ ಯಂತ್ರ, ರಕ್ತನಾಳದಲ್ಲಿ ಬಲೆಯಂಥ ಸ್ಟೆಂಟು. ಇಂಥವರಿಗೆ ಮುಂದೊಂದು ದಿನ ಎಂಆರ್‌ಐ ಸ್ಕ್ಯಾನ್ ಬೇಕಾದರೆ? ಆ ಯಂತ್ರವೆಂದರೆ ದೈತ್ಯ ಅಯಸ್ಕಾಂತ. ಒಳಗಿರುವ ಲೋಹವನ್ನು ಅದು ಎಳೆಯಬಹುದು, ತಿರುಚಬಹುದು; ಅದು ಬಿಡುವ ರೇಡಿಯೋ ಅಲೆಗಳು ಲೋಹದಲ್ಲಿ ಕರೆಂಟು ಎಬ್ಬಿಸಿ ಕಾಯಿಸಬಹುದು. ಹಾಗಾಗಿ ಮನುಷ್ಯರ ಮೈಗೆ ಹೋಗುವ ಮೊದಲು ಆ ಉಪಕರಣ ಈ ತೊಟ್ಟಿಯ ಮೈಗೆ ಹೋಗಬೇಕು. ಲೋಳೆಯಲ್ಲಿ ಮುಳುಗಿ, ಕೂದಲೆಳೆಯಂಥ ನಾಲ್ಕು ಶಾಖಮಾಪಕ ಎಳೆಗಳನ್ನು ಅಂಟಿಸಿಕೊಂಡು, ಹದಿನೈದು ನಿಮಿಷ ಸ್ಕ್ಯಾನರಿನೊಳಗೆ ಮಲಗಬೇಕು. ಎಷ್ಟು ಬಿಸಿಯಾಯಿತು ಎಂಬುದನ್ನು ಡಿಗ್ರಿಯ ಹತ್ತರಲ್ಲೊಂದು ಪಾಲನ್ನೂ ಬಿಡದೆ ಬರೆದುಕೊಳ್ಳಬೇಕು.

"ಲೋಳೆ ನಮ್ಮ ಮಾಂಸ ಇದ್ದಂಗೆ ಇರ್ಬೇಕು. ಕರೆಂಟು ಮಾಂಸದಲ್ಲಿ ಹೆಂಗೆ ಹರಿಯುತ್ತೋ ಹಂಗೇ ಇದರಲ್ಲೂ ಹರೀಬೇಕು, ಅದಕ್ಕೆ ಉಪ್ಪು. ಬಿಸಿ ಆದದ್ದು ಆದಲ್ಲೇ ನಿಲ್ಬೇಕು, ನೀರಿನಂಗೆ ಆ ಕಡೆ ಈ ಕಡೆ ಓಡಾಡ್ಬಾರ್ದು, ಅದಕ್ಕೆ ಪುಡಿ" ಎಂದು ಗಂಜಕ್ಕ ವಿವರಿಸುತ್ತಾರೆ. ಇಪ್ಪತ್ತೈದು ಲೀಟರ್ ಶುದ್ಧ ನೀರು, ಮೂವತ್ತಮೂರು ಗ್ರಾಂ ಉಪ್ಪು, ನೀರನ್ನು ಲೋಳೆಯಾಗಿಸುವ ಪುಡಿ ಕಾಲು ಕೇಜಿ. ಹಿಂದಿನ ದಿನ ಮಧ್ಯಾಹ್ನವೇ ಕಲಸಿ ಮುಚ್ಚಿಟ್ಟರೆ, ಬೆಳಗಾಗುವ ಹೊತ್ತಿಗೆ ಗುಳ್ಳೆಗಳೆಲ್ಲ ಮೇಲೆ ಬಂದಿರುತ್ತವೆ. ಬಾರದೆ ಹಟ ಹಿಡಿದವನ್ನು ಅವರೇ ಹಿಡಿದು ತರಬೇಕು.

ಕೈಯಿಲ್ಲದ ಆ ತೊಟ್ಟಿಗೂ ಒಂದು ಹೆಸರುಂಟು. ಭಾವ. ಇಟ್ಟವರೂ ಗಂಜಕ್ಕನೇ. "ಎಷ್ಟು ಒಳ್ಳೇ ಭಾವ ನೋಡಿ. ಕರೆದಲ್ಲಿ ಬರ್ತಾರೆ, ಮಲಗಿಸಿದಲ್ಲಿ ಮಲಗ್ತಾರೆ, ಊಟಕ್ಕೇನು ಅಂತ ಒಂದು ದಿನಾನೂ ಕೇಳಿಲ್ಲ" ಎಂದು ಭಾವನ ಹಣೆ ತಟ್ಟುತ್ತಾರೆ.

ಸ್ಕ್ಯಾನರ್ ಪಕ್ಕದ ಕೋಣೆಯಲ್ಲಿದೆ. ರೋಗಿಗಳು ಬರುವುದು ಎಂಟಕ್ಕೆ. ಅಷ್ಟರೊಳಗೆ ಪರೀಕ್ಷೆ ಮುಗಿದು, ಮೇಜು ಒರೆಸಿ, ಒಂದು ಹನಿ ಲೋಳೆಯೂ ಇಲ್ಲದಂತೆ ಬಿಟ್ಟುಕೊಡಬೇಕು. ಅದಕ್ಕೇ ಅವರು ಮನೆ ಬಿಡುವುದು ನಾಲ್ಕೂವರೆಗೆ. ಒಳಗೆ ಕಾಲಿಡುವ ಮುನ್ನ ಹೇರ್‌ಪಿನ್ನು, ಕೀಲಿಕೈ, ಗಡಿಯಾರ ಎಲ್ಲ ಹೊರಗಿನ ಬುಟ್ಟಿಗೆ. ಯಂತ್ರ ಓಡುತ್ತಿರಲಿ ಬಿಡಲಿ, ಅಯಸ್ಕಾಂತ ಮಾತ್ರ ಯಾವಾಗಲೂ ಎಚ್ಚರವಾಗಿರುತ್ತದೆ. ಹೊಸದಾಗಿ ಸೇರಿದ ವಾರ ಸೆರಗಿನಲ್ಲಿ ಮರೆತಿದ್ದ ಪಿನ್ನೊಂದು ಎಳೆದ ಎಳೆತಕ್ಕೆ ಸೆರಗೇ ಯಂತ್ರದತ್ತ ಗಾಳಿಗೆ ಹಾರಿದ ಬಾಗಿಲಿನ ಪರದೆಯಂತೆ ಎದ್ದು ನಿಂತಿತ್ತಂತೆ. "ಅವತ್ತಿಂದ ಈ ಕೆಲ್ಸಕ್ಕೆ ಚೂಡಿದಾರವೇ" ಎಂದು ನಗುತ್ತಾರೆ.

ಅವರ ಇನ್ನೊಂದು ಕೆಲಸ ನೋಡುವುದಕ್ಕೆ ಮಕ್ಕಳಾಟದಂತಿದೆ. ಉಪಕರಣಕ್ಕೆ ದಾರ ಕಟ್ಟಿ ಅಯಸ್ಕಾಂತದ ಬಾಯಿಯಲ್ಲಿ ತೂಗು ಹಾಕುವುದು. ನೇರ ಜೋತುಬಿದ್ದರೆ ಎಳೆತವಿಲ್ಲ. ನಲವತ್ತೈದು ಡಿಗ್ರಿಗಿಂತ ಕಡಿಮೆ ವಾಲಿದರೆ, ಅಯಸ್ಕಾಂತ ಎಳೆಯುವ ಬಲ ಅದರದೇ ತೂಕಕ್ಕಿಂತ ಕಡಿಮೆ ಎಂದು ಲೆಕ್ಕ. ದಾರ ಎಷ್ಟು ಹಗುರ ಇರಬೇಕೆಂದರೆ ತಕ್ಕಡಿಗೂ ಅದು ಗೊತ್ತಾಗಬಾರದು. ರೇಷ್ಮೆ ಎಳೆಯನ್ನು ಎರಡಾಗಿ ಸೀಳಿ, ಕನ್ನಡಕವಿಲ್ಲದೆ ಗಂಟು ಹಾಕುವ ಗಂಜಕ್ಕನ ಬೆರಳುಗಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈ ಬೆರಳು ಪಳಗಿದ್ದು ಬೇರೆ ಕಡೆ. ಗಂಜಕ್ಕ ಓದಿದ್ದು ಏಳನೇ ಇಯತ್ತೆ. ಮದುವೆಯಾಗಿ ಬಂದ ಮೇಲೆ ಇದೇ ಆಸ್ಪತ್ರೆಯ ಲಾಂಡ್ರಿ ಸೇರಿದರು. ಹದಿನೇಳು ವರ್ಷ ಡಾಕ್ಟರುಗಳ ಕೋಟಿಗೆ, ನರ್ಸುಗಳ ಟೋಪಿಗೆ ಗಂಜಿ ಹಾಕಿದ್ದಾರೆ. ದಿನಕ್ಕೆ ನೂರ ಎಂಬತ್ತು ಕೋಟು. ಹಬೆ, ಸೋಡಾ, ಬಿಸಿನೀರು. ಅಂಗೈ ಚರ್ಮ ಎರಡು ಸಲ ಪೂರ್ತಿ ಸುಲಿದು ಬಂದಿತ್ತು. ಗಂಡನದು ಸೈಕಲ್ ರಿಪೇರಿ ಅಂಗಡಿ, ಬಂದ ದಿನ ಉಂಟು, ಬಾರದ ದಿನ ಇಲ್ಲ. ಒಂದು ದಿನ ಲಾಂಡ್ರಿಗೆ ದೊಡ್ಡ ದೊಡ್ಡ ಯಂತ್ರಗಳು ಬಂದವು, ಒಂಬತ್ತು ಹೆಂಗಸರಿಗೆ ಇನ್ನೊಂದು ತಿಂಗಳಷ್ಟೇ ಕೆಲಸ ಎಂದು ಹೇಳಿದರು. ಆ ಒಂಬತ್ತರಲ್ಲಿ ಗಂಜಕ್ಕನೂ ಒಬ್ಬರು.

ಆ ತಿಂಗಳ ಕೊನೆಯ ವಾರ ಕೊಳೆ ಕೋಟುಗಳನ್ನು ತರಲು ಅವರು ಈ ಕೋಣೆಗೆ ಬಂದರು. ಪರೀಕ್ಷಾಲಯ ಆಗಷ್ಟೇ ತೆರೆದಿತ್ತು. ಒಳಗೆ ಇಂಜಿನಿಯರ್ ಸಾಹೇಬರು ಮೊಣಕೈವರೆಗೆ ಲೋಳೆ ಮೆತ್ತಿಕೊಂಡು ಬಕೆಟ್ಟಿನ ಮುಂದೆ ಕೂತಿದ್ದರು. ಲೋಳೆಯ ತುಂಬ ಗಂಟುಗಳು. ಅದು ಅವರ ಆರನೇ ಬಕೆಟ್ಟು.

"ನಂಗೆ ನಗು ತಡೆಯೋಕಾಗ್ಲಿಲ್ಲ. ಸಾರ್, ಪುಡಿ ಮೇಲೆ ನೀರು ಸುರಿದ್ರೆ ಗಂಟಾಗ್ದೆ ಇನ್ನೇನಾಗುತ್ತೆ? ನೀರನ್ನ ತಿರುಗಿಸ್ತಾ ತಿರುಗಿಸ್ತಾ ಪುಡೀನ ಮೇಲಿಂದ ಉದುರಿಸ್ಬೇಕು, ಬೆರಳ ಸಂದೀಲಿ, ಹಿಂಗೆ ಅಂದೆ. ಅವರು, ಹಂಗಾದ್ರೆ ನೀವೇ ಮಾಡಿ ತೋರ್ಸಿ ಅಂದ್ರು. ಮಾಡಿದೆ. ಬೆಳಿಗ್ಗೆ ನೋಡಿದ್ರೆ ಕನ್ನಡಿ!"

ಇಂಜಿನಿಯರ್ ಈಗಲೂ ಆ ದಿನವನ್ನು ನೆನೆದು ತಲೆ ಅಲ್ಲಾಡಿಸುತ್ತಾರೆ. "ನಾನು ಹತ್ತು ಪುಸ್ತಕ ಓದಿದ್ದೆ. ಬೆರಳ ಸಂದಿ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ" ಎನ್ನುತ್ತಾರೆ. ಮಾರನೇ ದಿನವೇ ಮೇಲಿನವರ ಬಳಿ ಹೋಗಿ ಜಗಳವಾಡಿ, ಗಂಜಕ್ಕನನ್ನು ದಿನಗೂಲಿ ಸಹಾಯಕಿ ಎಂದು ಸೇರಿಸಿಕೊಂಡರು. ಅದಾಗಿ ಹದಿನಾಲ್ಕು ವರ್ಷ. ವಾರಕ್ಕೆ ಮೂರು ಸಲ ಲೋಳೆ. ರಜೆ ಕಳೆದರೂ ಎರಡು ಸಾವಿರ ತೊಟ್ಟಿ ಆಗಿವೆ, ನಾಲ್ಕು ಟ್ಯಾಂಕರ್ ಲಾರಿ ತುಂಬುವಷ್ಟು. ಅಷ್ಟನ್ನೂ ಕಲಸಿದ್ದು, ಕಾದದ್ದು, ಮತ್ತೆ ತೊಳೆದು ಚೆಲ್ಲಿದ್ದು ಇದೇ ಎರಡು ಕೈ.

"ನಮ್ಮನೆಯವರದು, ನಂದು ಒಂದೇ ಕಸುಬು" ಎಂದು ಗಂಡನನ್ನು ಛೇಡಿಸುವುದು ಅವರಿಗೆ ಬಲು ಇಷ್ಟ. "ಅವರು ಟ್ಯೂಬನ್ನ ನೀರಿಗೆ ಅದ್ದಿ ಗುಳ್ಳೆ ಎಲ್ಲಿ ಬಂತು ಅಂತ ಹುಡುಕ್ತಾರೆ. ಗುಳ್ಳೆ ಸಿಕ್ರೆ ಅವರಿಗೆ ಖುಷಿ. ನಂಗೆ ಸಿಕ್ಕದಿದ್ರೆ ಖುಷಿ."

ಸಿಗಬಾರದ ಕಡೆ ಸಿಕ್ಕ ಒಂದು ಗುಳ್ಳೆಯ ಕಥೆಯನ್ನು ಮಾತ್ರ ಅವರು ನಗದೆ ಹೇಳುತ್ತಾರೆ.

ಎಂಟು ವರ್ಷದ ಹಿಂದಿನ ಮಾತು. ಒಂದು ಕಂಪನಿಯ ಹೊಸ ಪೇಸ್‌ಮೇಕರ್ ಪರೀಕ್ಷೆಗೆ ಬಂದಿತ್ತು. ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿ ಇರುತ್ತದಲ್ಲ, ಅದರ ತುದಿಯೇ ಎಲ್ಲಕ್ಕಿಂತ ಸೂಕ್ಷ್ಮ. ಕಾಯುವುದಿದ್ದರೆ ಮೊದಲು ಕಾಯುವುದು ಅದೇ. ಎರಡು ಡಿಗ್ರಿ ಮೀರಬಾರದೆಂದು ಮಿತಿ. ಕಂಪನಿಯಿಂದ ಬಂದಿದ್ದ ಅಧಿಕಾರಿ ಗಾಜಿನ ಈಚೆ ನಿಂತು ಉಗುರು ಕಚ್ಚುತ್ತಿದ್ದರು. ಹದಿನೈದು ನಿಮಿಷ ಮುಗಿದಾಗ ತುದಿಯ ಬಿಸಿ ಏರಿದ್ದು ಒಂದು ಪಾಯಿಂಟ್ ಎಂಟು. ಪಾಸು! ಅಧಿಕಾರಿ ಎಲ್ಲರ ಕೈ ಕುಲುಕಿದರು. ಹತ್ತೂವರೆ ರೈಲಿಗೆ ಅವರ ಟಿಕೆಟ್ ಆಗಿತ್ತು.

ಗಂಜಕ್ಕ ತೊಟ್ಟಿಯನ್ನು ಪಕ್ಕದ ಕೋಣೆಗೆ ತಳ್ಳಿಕೊಂಡು ಬಂದು ಎಂದಿನಂತೆ ತಂತಿಯನ್ನು ಲೋಳೆಯಿಂದ ಬಿಡಿಸಲು ಅಣಿಯಾದರು. ಬಿಡಿಸುವ ಮುನ್ನ ಕೊನೆಯದಾಗಿ ಟಾರ್ಚ್ ಬಿಟ್ಟು ನೋಡುವುದು ಅವರ ಅಭ್ಯಾಸ. ನೋಡಿದರು. ಈ ಸಲ ಬೆಳಕನ್ನು ತೊಟ್ಟಿಯ ಅಡಿಯಿಂದ ಹಿಡಿದಿದ್ದರು. ತಂತಿಯ ತುದಿಯ ಅಡಿಭಾಗಕ್ಕೆ ಸಾಸಿವೆಯಷ್ಟು ಗುಳ್ಳೆಯೊಂದು ಟೋಪಿಯಂತೆ ಕೂತಿತ್ತು. ಬೆಳಿಗ್ಗೆ ಮೇಲಿನಿಂದ, ಪಕ್ಕದಿಂದ ನೋಡಿದ್ದರು. ಅಡಿಯಿಂದ ನೋಡಿರಲಿಲ್ಲ.

ತುದಿಗೆ ಗಾಳಿಯ ಟೋಪಿ ಇದ್ದರೆ ಕರೆಂಟು ಲೋಳೆಗೆ ಇಳಿಯುವುದು ಹೇಗೆ? ಇಳಿಯದಿದ್ದರೆ ಬಿಸಿಯಾಗುವುದು ಹೇಗೆ? ಅಂದಮೇಲೆ ಆ ಒಂದು ಪಾಯಿಂಟ್ ಎಂಟು ಸುಳ್ಳು.

ಗೊತ್ತಿದ್ದದ್ದು ಅವರೊಬ್ಬರಿಗೇ. ತಂತಿಯನ್ನು ಎಳೆದು ತೊಳೆದುಬಿಟ್ಟಿದ್ದರೆ ಗುಳ್ಳೆಯೂ ಇಲ್ಲ, ಸಾಕ್ಷಿಯೂ ಇಲ್ಲ. ಮೇಲಾಗಿ ಲೋಳೆ ಅವರದು, ತಪ್ಪೂ ಅವರದು. ದಿನಗೂಲಿಯವರ ತಪ್ಪಿಗೆ ಶಿಕ್ಷೆ ಏನೆಂದು ಲಾಂಡ್ರಿಯಲ್ಲಿ ಕಣ್ಣಾರೆ ಕಂಡಿದ್ದರು. "ನಂಗೆ ಅನ್ನಿಸ್ತು, ಈ ತಂತಿ ಯಾರದೋ ಎದೆಗೆ ಹೋಗುತ್ತೆ. ಅವರ ಹೆಂಡ್ತೀನೋ ಮಗಳೋ ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ. ಅಷ್ಟೇ. ಎದ್ದು ಹೋಗಿ ಕರ್ಕೊಂಡು ಬಂದೆ."

ಅಧಿಕಾರಿಯ ಮುಖ ಗಂಟಾಯಿತು. "ನೀವು ಈಗ ಅಲ್ಲಾಡಿಸಿದಾಗ ಬಂದಿರೋ ಗುಳ್ಳೆ ಅದು. ಪರೀಕ್ಷೆ ಆಗುವಾಗ ಇರಲಿಲ್ಲ" ಎಂದರು.

"ಅಲ್ಲ ಸಾರ್" ಎಂದರು ಗಂಜಕ್ಕ. "ಅಲ್ಲಾಡಿಸಿದಾಗ ಬರೋ ಗುಳ್ಳೆಗೆ ಬಾಲ ಇರುತ್ತೆ, ಉದ್ದಕ್ಕೆ ಇರುತ್ತೆ. ಇದು ದುಂಡಗಿದೆ. ನಿನ್ನೆಯಿಂದ ಕೂತಿರೋದು. ತಪ್ಪು ನಂದೇ, ಅಡೀಲಿ ನೋಡ್ಲಿಲ್ಲ. ಆದ್ರೆ ಗುಳ್ಳೆ ಮಾತ್ರ ಹಳೇದು."

ಇಂಜಿನಿಯರ್ ತೊಟ್ಟಿಯ ಪಕ್ಕ ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಎದ್ದವರೇ, "ಟಿಕೆಟ್ ಬದಲಾಯಿಸಿಕೊಳ್ಳಿ. ನಾಡಿದ್ದು ಮತ್ತೆ ಮಾಡೋಣ" ಎಂದರು.

ಮೂರನೆಯ ದಿನ ಬೆಳಿಗ್ಗೆ ಗಂಜಕ್ಕ ಮೂರೂವರೆಗೇ ಬಂದರು. ಗಂಡನ ಅಂಗಡಿಯಿಂದ ಹಳೆಯ ಸ್ಕೂಟರ್ ಕನ್ನಡಿಯೊಂದನ್ನು ತಂದಿದ್ದರು. ತೊಟ್ಟಿಯ ಅಡಿಗೆ ಹಿಡಿದು ಇಂಚಿಂಚೂ ನೋಡಿದರು. ಒಂದೂ ಗುಳ್ಳೆ ಇಲ್ಲ. ಪರೀಕ್ಷೆ ಶುರುವಾಯಿತು. ಯಂತ್ರ ಬಡಿದುಕೊಳ್ಳತೊಡಗಿತು. ಇಂಜಿನಿಯರ್ ಪರದೆ ನೋಡಿ ಗಟ್ಟಿಯಾಗಿ ಓದುತ್ತಿದ್ದರು. ಮೂರನೇ ನಿಮಿಷಕ್ಕೆ ಎರಡು ದಾಟಿತು. ಆರಕ್ಕೆ ನಾಲ್ಕು. ಆಮೇಲೆ ಅವರು ಓದುವುದನ್ನೇ ಬಿಟ್ಟರು. ಕೊನೆಗೆ ನಿಂತದ್ದು ಏಳು ಪಾಯಿಂಟ್ ಎರಡರಲ್ಲಿ.

ಅಷ್ಟು ಕಾದ ತುದಿ ಹೃದಯದ ಗೋಡೆಯಲ್ಲಿ ನೆಟ್ಟಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಎದ್ದು ಗಂಜಕ್ಕನ ಮುಂದೆ ಬಂದು ನಿಂತು, "ಅಮ್ಮಾ, ಮೊನ್ನೆ ನಾನು ಜೋರಾಗಿ ಮಾತಾಡಿದೆ" ಎಂದಷ್ಟೇ ಹೇಳಿದರು. "ಇರ್ಲಿ ಬಿಡಿ ಸಾರ್, ಕಾಫಿ ಕುಡೀರಿ" ಎಂದರಂತೆ ಇವರು.

ಕಂಪನಿ ತಂತಿಯನ್ನು ಬೇರೆ ರೀತಿ ಸುತ್ತಿ, ತುದಿ ಬದಲಾಯಿಸಿ, ಹದಿನಾಲ್ಕು ತಿಂಗಳ ನಂತರ ಮತ್ತೆ ತಂದಿತು. ಆಗ ಏರಿದ್ದು ಒಂದು ಪಾಯಿಂಟ್ ಒಂದು. ಮೂರು ಸಲ ಮಾಡಿದರೂ ಅಷ್ಟೇ. ಗುಳ್ಳೆಯ ಸಂಗತಿ ಮಾತ್ರ ನಿಯಮದ ಪ್ರಕಾರ ದಾಖಲೆ ಪುಸ್ತಕದಲ್ಲಿ ಸೇರಲೇಬೇಕಿತ್ತು: "ಸಹಾಯಕಿಯ ತಯಾರಿಯಲ್ಲಿ ಲೋಪ, ಪರೀಕ್ಷೆ ರದ್ದು." ಹದಿನಾಲ್ಕು ವರ್ಷದಲ್ಲಿ ಗಂಜಕ್ಕನ ಬಗ್ಗೆ ಆ ಪುಸ್ತಕದಲ್ಲಿ ಇರುವುದು ಅದೊಂದೇ ಸಾಲು. "ಬರೆಯುವಾಗ ನನ್ನ ಕೈಯೇ ಬರಲಿಲ್ಲ. ಅಕ್ಕನೇ ಪಕ್ಕದಲ್ಲಿ ನಿಂತು, ಬರೀರಿ ಸಾರ್, ನಿಜಾನೇ ಅಲ್ವಾ ಅಂದ್ರು" ಎನ್ನುತ್ತಾರೆ ಇಂಜಿನಿಯರ್. ಗುಳ್ಳೆ ಸಿಕ್ಕ ಆ ವರ್ಷವೇ ಅವರು ಪಟ್ಟು ಹಿಡಿದು ಗಂಜಕ್ಕನ ಕೆಲಸವನ್ನು ಕಾಯಂ ಮಾಡಿಸಿದರು.

ಇನ್ನು ಮನೆಯ ವಿಚಾರ. ಗಂಜಕ್ಕನ ಅತ್ತೆಗೆ ಎಪ್ಪತ್ತೊಂಬತ್ತು. ನಾಲಿಗೆಗೆ ಮಾತ್ರ ಇಪ್ಪತ್ತೈದೇ. ಸೊಸೆಯ ಕೆಲಸ ಅವರಿಗೆ ಎಂದೂ ರುಚಿಸಿರಲಿಲ್ಲ. "ಬೆಳಕು ಹರಿಯೋ ಮುಂಚೆ ಹೋಗಿ ಪ್ಲಾಸ್ಟಿಕ್ ಗಂಡಸಿಗೆ ಗಂಜಿ ಕುಡಿಸ್ತಾಳಂತೆ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ" ಎಂದು ಅಕ್ಕಪಕ್ಕದವರ ಬಳಿ ಗೊಣಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಅವರಿಗೇ ಪೇಸ್‌ಮೇಕರ್ ಹಾಕಬೇಕಾಗಿ ಬಂತು. ಡಾಕ್ಟರು ತೋರಿಸಿದ ಡಬ್ಬಿಯ ಮೇಲಿನ ನಂಬರ್ ನೋಡಿ ಗಂಜಕ್ಕ ಗೋಡೆಗೆ ಒರಗಿದರು. ಅದೇ. ತಿದ್ದಿದ ತಂತಿಯದು. ಪರೀಕ್ಷಾಲಯದ ಮಾತು ಹೊರಗೆ ಆಡುವಂತಿಲ್ಲ. "ಇದು ಒಳ್ಳೇದು ಅತ್ತೆ, ಹಾಕಿಸ್ಕೊಳ್ಳಿ" ಎಂದಷ್ಟೇ ಹೇಳಿದರು.

ಹೋದ ವರ್ಷ ಅತ್ತೆಯ ಕಾಲುಗಳು ಇದ್ದಕ್ಕಿದ್ದಂತೆ ಸೋಲತೊಡಗಿದವು. ಕೈಯಿಂದ ಲೋಟ ಜಾರುತ್ತಿತ್ತು. ಕತ್ತಿನಲ್ಲಿ ಏನೋ ಒತ್ತುತ್ತಿದೆ, ಎಂಆರ್‌ಐ ಮಾಡಿ ನೋಡದೆ ಕತ್ತರಿ ಹಾಕಲಾಗದು ಎಂದರು ಡಾಕ್ಟರು. ಅತ್ತೆ ಹಟ ಹಿಡಿದರು. ಪಾರ್ಕಿನ ಗೆಳತಿಯೊಬ್ಬರು, ಆ ಯಂತ್ರ ಎದೆಯೊಳಗಿನ ಡಬ್ಬಿಯನ್ನು ಕಿತ್ತುಕೊಳ್ಳುತ್ತದೆ ಎಂದು ಹೇಳಿಬಿಟ್ಟಿದ್ದರು. ಮಗ ಹೇಳಿದ, ಕೇಳಲಿಲ್ಲ. ಡಾಕ್ಟರು ಹೇಳಿದರು, ಕೇಳಲಿಲ್ಲ. "ಬಿದ್ದಲ್ಲೇ ಬಿದ್ದಿರ್ತೀನಿ. ಆ ಬಿಲದೊಳಗೆ ಮಾತ್ರ ಹೋಗಲ್ಲ."

ಗಂಜಕ್ಕ ಮಂಚದ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. "ಅತ್ತೆ, ನಾನು ಕೆಲಸಕ್ಕೆ ಹೋಗಿ ಏನು ಮಾಡ್ತೀನಿ ಅಂತ ನೀವು ಯಾವತ್ತೂ ಕೇಳ್ಲಿಲ್ಲ. ಈಗ ಕೇಳಿ. ಇಂಥದ್ದೇ ಡಬ್ಬಿಗಳನ್ನ ಆ ಯಂತ್ರದೊಳಗೆ ಇಟ್ಟು ನೋಡ್ತೀನಿ. ದಾರ ಕಟ್ಟಿ ತೂಗುಹಾಕಿ, ಎಳೆಯುತ್ತಾ ಅಂತ ನೋಡ್ತೀನಿ. ಹದಿನೈದು ನಿಮಿಷ ಬೇಯಿಸಿ, ಬೇಯುತ್ತಾ ಅಂತ ನೋಡ್ತೀನಿ. ಬೆಂದಿದ್ದನ್ನ ವಾಪಸ್ ಕಳಿಸ್ತೀವಿ. ನಿಮ್ಮೆದೇಲಿರೋದನ್ನ ಕಳಿಸಿಲ್ಲ."

ಅತ್ತೆ ಸೊಸೆಯ ಮುಖವನ್ನೇ ನೋಡಿದರು. "ನೀನೇ ನೋಡಿದೀಯಾ? ನಿನ್ನ ಕೈಯಾರೆ?"

"ನನ್ನ ಕೈಯಾರೆ."

"ಮೊದಲೇ ಹೇಳೋಕೇನಾಗಿತ್ತು ನಿಂಗೆ? ಎಬ್ಬಿಸು ನನ್ನ."

ಸ್ಕ್ಯಾನಿನ ದಿನ ಪೇಸ್‌ಮೇಕರ್ ತಂತ್ರಜ್ಞರು ಬಂದು ಡಬ್ಬಿಯನ್ನು ಸ್ಕ್ಯಾನಿಗೆ ತಕ್ಕಂತೆ ಹೊಂದಿಸಿದರು. ನಾಡಿಗೆ ಒಬ್ಬರು, ಪರದೆಗೆ ಒಬ್ಬರು ಕಾವಲು ಕೂತರು. ಎರಡು ಸಾವಿರ ಸಲ ಭಾವನನ್ನು ಒಳಗೆ ಕಳಿಸಿ ಗಾಜಿನ ಈಚೆ ನಿಶ್ಚಿಂತೆಯಿಂದ ನಿಂತಿದ್ದ ಗಂಜಕ್ಕ ಅವತ್ತು ಅದೇ ಜಾಗದಲ್ಲಿ ನಿಲ್ಲಲಾರದೆ ನಿಂತರು. "ಲೆಕ್ಕ ಎಲ್ಲಾ ಗೊತ್ತು. ಒಂದು ಪಾಯಿಂಟ್ ಒಂದು ಅಂತ ನಿದ್ದೇಲಿ ಕೇಳಿದ್ರೂ ಹೇಳ್ತೀನಿ. ಆದ್ರೂ ಜೀವ ಬಾಯಿಗೆ ಬಂದಿತ್ತು" ಎಂದು ಒಪ್ಪಿಕೊಳ್ಳುತ್ತಾರೆ. ಇಪ್ಪತ್ತೆರಡು ನಿಮಿಷ. ಮೇಜು ಹೊರಗೆ ಸರಿಯಿತು. ಅತ್ತೆ ಕಣ್ಣು ಬಿಟ್ಟವರೇ ಸುತ್ತ ನಿಂತವರನ್ನು ಗದರಿದರು: "ಅಯ್ಯೋ, ಏನು ಗಲಾಟೆ! ಇದಕ್ಕೆ ಎಣ್ಣೆ ಬಿಡೋರು ಯಾರೂ ಇಲ್ವೇನ್ರೀ ಇಲ್ಲಿ?" ಗಂಜಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದಲೇ ಎಂದು ಈಗಲೂ ಸಾಧಿಸುತ್ತಾರೆ.

ಕತ್ತಿನ ಮೂಳೆ ಎಲ್ಲಿ ನರ ಒತ್ತುತ್ತಿದೆ ಎಂಬುದು ಚಿತ್ರದಲ್ಲಿ ಸ್ಪಷ್ಟ ಕಂಡಿತು. ಆಪರೇಷನ್ ಆಯಿತು. ಮೂರು ತಿಂಗಳಿಗೆ ಅತ್ತೆ ಕೋಲು ಹಿಡಿದು ಪಾರ್ಕಿಗೆ ಹೊರಟರು. ಈಗ ಅಲ್ಲಿನ ಬೆಂಚಿನ ಮೇಲೆ ಅವರದೇ ಭಾಷಣ. "ನನ್ನ ಸೊಸೆ ಬೇಯಿಸಿ ನೋಡದೆ ಯಾರ ಎದೆಗೂ ಏನೂ ಹೋಗಲ್ಲ, ತಿಳೀತಾ?" ಎಂದು ಗೆಳತಿಯರಿಗೆಲ್ಲ ಅಭಯ ಕೊಡುತ್ತಿದ್ದಾರೆ. ಸೊಸೆ ನಾಲ್ಕೂವರೆಗೆ ಹೊರಡುವ ಹೊತ್ತಿಗೆ ತಾವೂ ಎದ್ದು, ಕಾಫಿಗೆ ನೀರಿಟ್ಟಿರುತ್ತಾರೆ. "ಮೂವತ್ತು ವರ್ಷಕ್ಕೆ ಮೊದಲ ಸಲ!" ಎಂದು ಗಂಜಕ್ಕ ಕಣ್ಣು ಮಿಟುಕಿಸುತ್ತಾರೆ.

ಏಳೂಮುಕ್ಕಾಲು. ಇವತ್ತಿನ ಪರೀಕ್ಷೆ ಮುಗಿದಿದೆ. ಮೊಣಕಾಲಿಗೆ ಹಾಕುವ ಹೊಸ ಲೋಹದ ಕೀಲು, ಏರಿಕೆ ಅರ್ಧ ಡಿಗ್ರಿ. ಇಂಜಿನಿಯರ್ ವರದಿ ಬರೆಯಲು ಕೂತಿದ್ದಾರೆ. ಹೊರಗಿನ ಬೆಂಚುಗಳಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದಾರೆ. ಗಂಜಕ್ಕ ಹೇರ್‌ಪಿನ್ನು ಸಿಕ್ಕಿಸಿಕೊಂಡು, ಒದ್ದೆ ಕೈಯನ್ನು ಟವೆಲಿಗೆ ಒರೆಸುತ್ತಾರೆ. ನಿವೃತ್ತಿಗೆ ಇನ್ನು ಐದು ವರ್ಷ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಟವೆಲನ್ನು ಮಡಿಸಿಟ್ಟು ಹತ್ತಿರ ಬರುತ್ತಾರೆ.

"ಒಂದಿದೆ. ಬರೀತೀರಾ? ಮೈಯೊಳಗೆ ಏನೇ ಹಾಕಿಸ್ಕೊಂಡ್ರೂ ಆಸ್ಪತ್ರೆಯೋರು ಒಂದು ಚೀಟಿ ಕೊಡ್ತಾರೆ, ಅಂಗೈಯಷ್ಟಗಲದ್ದು. ಇದು ಇಂಥದ್ದು, ಸ್ಕ್ಯಾನಿಗೆ ಹಿಂಗಿದ್ರೆ ಹೋಗ್ಬಹುದು, ಹಂಗಿದ್ರೆ ಬೇಡ ಅಂತ ಅದರಲ್ಲಿ ಇರುತ್ತೆ. ಜನ ಅದನ್ನ ಬಟ್ಟೆ ಜೊತೆ ಒಗೆಯೋಕೆ ಹಾಕ್ಬಿಡ್ತಾರೆ, ಲಾಂಡ್ರೀಲಿದ್ದಾಗ ರೋಗಿಗಳ ಅಂಗಿ ಜೇಬಿಂದ ಎಷ್ಟು ಮುದ್ದೆ ತೆಗೆದು ಎಸೆದಿದೀನೋ! ದಯವಿಟ್ಟು ಜೋಪಾನವಾಗಿ ಇಟ್ಕೊಳ್ಳಿ ಅಂತ ಬರೀರಿ. ನಾವು ನೋಡಿದ್ದು, ತಪ್ಪಿದ್ದು, ತಿದ್ಕೊಂಡಿದ್ದು ಎಲ್ಲಾ ಅದರಲ್ಲಿರೋ ಎರಡು ಸಾಲಿನಲ್ಲೇ ಇರೋದು."